ಅಜ್ಜಿಯ ಕೌದಿ, ಅಜ್ಜಿಯ ನೋಟ್ ಪುಸ್ತಕ: ಎರಡಕ್ಕೂ ಅಂಚು ಕಟ್ಟುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಉಡುಪಿ ಹತ್ತಿರ. ಅಜ್ಜಿ ಬಿಟ್ಟುಹೋದ ಎರಡು ವಸ್ತು ನನ್ನ ಬಳಿ ಇವೆ. ಒಂದು, ಹಳೆ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಕಿ ಕೈಯಲ್ಲಿ ಹೊಲಿದ ಕೌದಿ. ಸುಮಾರು 5 ಅಡಿ ಅಗಲ, 7 ಅಡಿ ಉದ್ದ. ನಡುವೆ ಚೆನ್ನಾಗಿದೆ, ಅಂಚೆಲ್ಲ ಪಿಸಿದುಹೋಗಿದೆ. ಇನ್ನೊಂದು, ನಾಲ್ಕು ನೋಟ್ ಪುಸ್ತಕ. ಅಡುಗೆ, ಉಪ್ಪಿನಕಾಯಿ, ಶೋಭಾನೆ ಹಾಡು ಎಲ್ಲ ಅವರದೇ ಕೈಬರಹ. ಪಿನ್ ತುಕ್ಕು ಹಿಡಿದು ಹಾಳೆ ಬಿಡುತ್ತಿವೆ. ಕೌದಿಗೆ ಸ್ಯಾಟಿನ್ ಪಟ್ಟಿ ಇಟ್ಟು ಮೆಷಿನ್ ಹೊಲಿಗೆ ಹಾಕಿಕೊಡುತ್ತೇನೆ ಎಂದು ಟೈಲರ್ ಹೇಳಿದರು. ಬೈಂಡಿಂಗ್ ಅಂಗಡಿಯವರು ನಾಲ್ಕು ಪುಸ್ತಕವನ್ನೂ ಸೇರಿಸಿ ಬದಿಯಲ್ಲಿ ಹೊಲಿದು, ಅಂಚು ಕಟಿಂಗ್ ಮಾಡಿ, ರಟ್ಟು ಹಾಕುತ್ತೇವೆ ಎಂದರು. ಇನ್ನೂ ಐವತ್ತು ವರ್ಷ ಬಾಳುವಂಥ ಗಟ್ಟಿ ಬೈಂಡಿಂಗ್ ಯಾವುದು? ನಾನೇ ಮಾಡಬಹುದಾ?

ಉತ್ತರ: ಖಂಡಿತ ನೀವೇ ಮಾಡಬಹುದು. ಎರಡೂ ಸೂಜಿ ದಾರದ ಕೆಲಸ. ದುಬಾರಿ ಸಾಮಾನು ಏನೂ ಬೇಡ. ಆದರೆ 'ಗಟ್ಟಿ' ಅಂತ ಕೇಳಿದಿರಲ್ಲ, ಅಲ್ಲಿ ನನ್ನದೊಂದು ತಕರಾರಿದೆ.

ಹಳೆಯ ವಸ್ತುವಿಗೆ ಅದಕ್ಕಿಂತ ಗಟ್ಟಿಯಾದ ಅಂಚು ಕಟ್ಟಿದರೆ, ಎಳೆದಾಗ ಹರಿಯುವುದು ಆ ವಸ್ತುವೇ. ಸ್ಯಾಟಿನ್ ಪಟ್ಟಿಗೆ ನೈಲಾನ್ ದಾರ ಹಾಕಿ ಮೆಷಿನ್ನಲ್ಲಿ ಒತ್ತೊತ್ತಾಗಿ ಹೊಲಿದರೆ ಪಟ್ಟಿಗೆ ಏನೂ ಆಗುವುದಿಲ್ಲ. ಒಂದು ದಿನ ಕೌದಿ ಒದ್ದೆಯಾಗಿ ಭಾರವಾಗಿರುವಾಗ ಅಂಚು ಹಿಡಿದು ಎತ್ತುತ್ತೀರಿ. ಸೂಜಿ ತೂತು ಬಿದ್ದ ಸಾಲಿನಲ್ಲೇ ಸೀರೆಯ ಬಟ್ಟೆ ಉದ್ದಕ್ಕೆ ಬಿಟ್ಟುಕೊಳ್ಳುತ್ತದೆ. ಪುಸ್ತಕದ್ದೂ ಅದೇ ಕಥೆ. ಬೆನ್ನಿಗೆ ದಪ್ಪಗೆ ಬಿಳಿ ಗೋಂದು ಮೆತ್ತಿದರೆ ಗೋಂದು ಬಿಡುವುದಿಲ್ಲ, ಗೋಂದಿನ ಪಕ್ಕದಲ್ಲೇ ಹಾಳೆ ಮುರಿಯುತ್ತದೆ. ಹಾಗಾಗಿ ಅಂಚು ಒಡಲಿಗಿಂತ ಮೆತ್ತಗಿರಬೇಕು. ಮೊದಲು ಸವೆಯುವುದು ಅದೇ ಆಗಿರಬೇಕು. ಸವೆದಾಗ ಒಡಲಿಗೆ ನೋವಾಗದ ಹಾಗೆ ಬಿಚ್ಚಿ ಹೊಸದು ಹಾಕಲು ಬರಬೇಕು. ಅಂಚು ಐವತ್ತು ವರ್ಷ ಬಾಳಬೇಕಾಗಿಲ್ಲ, ಕೌದಿ ಬಾಳಬೇಕು.

ಟೈಲರ್, ಬೈಂಡರ್ ಇಬ್ಬರೂ ಹೇಳಿದ್ದು ಹೊಸ ವಸ್ತುವಿಗೆ ನಡೆಯುವ ಕೆಲಸ. ನಿಮ್ಮದಕ್ಕೆ ಬೇಡ.

ಮೊದಲು ಕೌದಿ ನೋಡೋಣ. ಪಿಸಿದ ಅಂಚನ್ನು ಕತ್ತರಿಸಿ ಸಮ ಮಾಡಬೇಡಿ. ಎಷ್ಟು ಜನ ಅಲ್ಲೇ ಶುರು ಮಾಡುತ್ತಾರೆ! ಕತ್ತರಿಸಿದರೆ ಅಜ್ಜಿ ಹಾಕಿದ ಹೊಲಿಗೆಯ ಸಾಲು ತುಂಡಾಗಿ, ಒಳಗಿನ ಪದರಗಳು ಸಡಿಲ ಬೀಳುತ್ತವೆ. ಹೊಸ ಪಟ್ಟಿಯೊಳಗೆ ಹಳೆ ಅಂಚು ಹಾಗೆಯೇ ಮುಚ್ಚಿಹೋಗಲಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವಾಗ ಅಂಚಿನಿಂದಲೇ ಶುರು ಮಾಡುತ್ತಾರೆ. ಅಂಚನ್ನು ಒಳಕ್ಕೆ ಮಡಚಿಕೊಂಡು, ಸುತ್ತು ಸುತ್ತಾಗಿ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಅಂಥದ್ದಕ್ಕೆ ಬೇರೆ ಪಟ್ಟಿಯೇ ಬೇಡ. ನಿಮ್ಮ ಅಜ್ಜಿಯದ್ದೂ ಆ ತರಹದ್ದಾ ಎಂದು ಒಮ್ಮೆ ನೋಡಿ. ಆಗಿದ್ದರೆ ಸುತ್ತಲೂ ಪಟ್ಟಿ ಕಟ್ಟುವ ಬದಲು, ಪಿಸಿದ ಜಾಗಕ್ಕೆ ಮಾತ್ರ ತೇಪೆ ಮಡಚಿ ಹೊಲಿದರೆ ಸಾಕು. ಅದರ ರೂಪ ಉಳಿಯುತ್ತದೆ.

ಪಟ್ಟಿಯೇ ಬೇಕಾದರೆ ಬಟ್ಟೆ ಯಾವುದು? ಹೊಸ, ತೆಳು, ಮೆತ್ತನೆಯ ಹತ್ತಿ ಬಟ್ಟೆ. ಅಜ್ಜಿಯ ಇನ್ನೊಂದು ಹಳೆ ಸೀರೆ ಇದೆ, ಅದರದ್ದೇ ಪಟ್ಟಿ ಮಾಡೋಣ ಎಂದು ಆಸೆಯಾಗಬಹುದು. ಆಸೆ ಸಹಜ. ಆದರೆ ಅರ್ಧ ಆಯುಸ್ಸು ಮುಗಿದ ಬಟ್ಟೆ ಅಂಚಿನ ತಿಕ್ಕಾಟ ತಡೆಯುವುದಿಲ್ಲ. ಆ ಸೀರೆಯನ್ನು ನಡುವಿನ ತೇಪೆಗೆ ಇಟ್ಟುಕೊಳ್ಳಿ. ಉಡುಪಿ ಸೀರೆಯಂಥ ಕೈಮಗ್ಗದ ಹತ್ತಿ ಹೊಸದಾಗಿ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅದು ತೆಳು, ಮಡಚಿದರೆ ಉಬ್ಬುವುದಿಲ್ಲ. ತಂದ ಬಟ್ಟೆಯನ್ನು ಮೊದಲು ಬಿಸಿನೀರಲ್ಲಿ ನೆನೆಸಿ ಒಗೆಯಿರಿ. ಗಂಜಿ ಹೋಗಬೇಕು, ಕುಗ್ಗುವಷ್ಟು ಕುಗ್ಗಬೇಕು. ಬಣ್ಣ ಬಿಡುತ್ತದೆಯೇ ಎಂದು ಒದ್ದೆಯಿರುವಾಗಲೇ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಹೊಸ ಕೆಂಪು ಪಟ್ಟಿ ಹಾಕಿ ಮೊದಲ ಒಗೆತಕ್ಕೇ ಇಡೀ ಕೌದಿ ನಸುಗೆಂಪಾದದ್ದನ್ನು ನೋಡಿದ್ದೇನೆ.

ಪಟ್ಟಿಯನ್ನು ಓರೆಯಾಗಿ ಕತ್ತರಿಸಿ. ಟೈಲರ್‌ಗಳು ಕ್ರಾಸ್ ಪಟ್ಟಿ ಎನ್ನುತ್ತಾರಲ್ಲ, ಅದು. ನೇರ ಕತ್ತರಿಸಿದ ಪಟ್ಟಿಯಲ್ಲಿ ಮಡಿಕೆಯ ತುದಿಗೆ ಹಾಸಿನದ್ದೋ ಹೊಕ್ಕಿನದ್ದೋ ಅದೇ ಒಂದೆರಡು ಎಳೆ ಉದ್ದಕ್ಕೂ ಬರುತ್ತದೆ. ಅವು ಸವೆದರೆ ಮಡಿಕೆ ಉದ್ದಕ್ಕೆ ಬಾಯಿ ಬಿಡುತ್ತದೆ. ಓರೆ ಪಟ್ಟಿಯಲ್ಲಿ ಮಡಿಕೆಯನ್ನು ನೂರಾರು ಎಳೆಗಳು ಅಡ್ಡ ದಾಟುತ್ತವೆ. ಒಂದು ಹರಿದರೂ ಪಕ್ಕದ್ದು ಇರುತ್ತದೆ. ಒಂದೇ ಎಚ್ಚರಿಕೆ: ಓರೆ ಪಟ್ಟಿ ಎಳೆದರೆ ಹಿಗ್ಗುತ್ತದೆ. ಹೊಲಿಯುವಾಗ ಎಳೆಯಬೇಡಿ, ಸುಮ್ನೆ ಮಲಗಿಸುತ್ತಾ ಹೋಗಿ.

ಅಳತೆ ಹೀಗೆ. ಮುಗಿದ ಅಂಚು ಎಷ್ಟು ಅಗಲ ಬೇಕೋ ಅದರ ಆರು ಪಾಲು, ಮೇಲೆ ಕಾಲು ಇಂಚು. ಹೊಸ ಕೌದಿಗೆ ಸಾಮಾನ್ಯವಾಗಿ 2.5 ಇಂಚಿನ ಪಟ್ಟಿ ಸಾಕು. ನಿಮ್ಮದು ಅಂಚು ಪಿಸಿದದ್ದು, ಹೊಲಿಗೆ ಒಳಗಿನ ಗಟ್ಟಿ ಬಟ್ಟೆಯಲ್ಲಿ ಕೂರಬೇಕು. ಹಾಗಾಗಿ ಅಂಚು ಅರ್ಧ ಇಂಚು ಇರಲಿ, ಪಟ್ಟಿ 3.25 ಇಂಚು. ಕೌದಿಯ ಸುತ್ತಳತೆ 288 ಇಂಚು. ಮೂಲೆಗೆ, ಜೋಡಣೆಗೆ ಅಂತ 12 ಸೇರಿಸಿದರೆ 300 ಇಂಚು. 44 ಇಂಚು ಪನ್ನದ ಬಟ್ಟೆ ಒಂದು ಮೀಟರ್ ತಂದರೆ ಓರೆ ಕತ್ತರಿಸಿದರೂ ಸಾಕಾಗುತ್ತದೆ. ತುಂಡುಗಳನ್ನು ಓರೆಯಾಗಿಯೇ ಜೋಡಿಸಿ. ನೇರ ಜೋಡಿಸಿದರೆ ಮಡಚಿದಾಗ ಆ ಜಾಗ ಗಂಟಿನ ಹಾಗೆ ಉಬ್ಬುತ್ತದೆ.

ಈಗ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ. ಕೌದಿಯ ಮೇಲ್ಮೈಯಲ್ಲಿ ಪಟ್ಟಿಯ ಕತ್ತರಿಸಿದ ಬದಿ ಕೌದಿಯ ಅಂಚಿಗೆ ಸಮ ಬರಲಿ, ಮಡಿಕೆ ಒಳಮುಖವಾಗಿರಲಿ. ಮೂಲೆಯಿಂದ ಶುರು ಮಾಡಬೇಡಿ, ಒಂದು ಬದಿಯ ನಡುವಿನಿಂದ ಹೊರಡಿ. ಪಟ್ಟಿಯ ಮೊದಲ ತುದಿಯನ್ನು ಓರೆ ಕತ್ತರಿಸಿ ಅರ್ಧ ಇಂಚು ಒಳಕ್ಕೆ ಮಡಚಿಡಿ. ಕೊನೆಗೆ ಇನ್ನೊಂದು ತುದಿ ಅದರ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಅಂಚಿನಿಂದ ಅರ್ಧ ಇಂಚು ಒಳಗೆ ಕೈಹೊಲಿಗೆ. 3-4 ಮಿಲಿಮೀಟರಿನ ಒಂದೊಂದು ಹೊಲಿಗೆ, ಹತ್ತಿ ದಾರ. ನಡು ನಡುವೆ ಒಂದು ಹಿಂದೊತ್ತು ಹೊಲಿಗೆ (ಬ್ಯಾಕ್ ಸ್ಟಿಚ್) ಹಾಕುತ್ತಾ ಹೋಗಿ. ಹೀಗೆ ಮಾಡಿದರೆ ಒಂದು ಕಡೆ ದಾರ ತುಂಡಾದರೂ ಇಡೀ ಸಾಲು ಬಿಚ್ಚಿಕೊಳ್ಳುವುದಿಲ್ಲ.

ಜನ ಹೆದರುವುದು ಮೂಲೆಗೆ. ಹೆದರಬೇಕಾಗಿಲ್ಲ. ಮೂಲೆ ಬರಲು ಸರಿಯಾಗಿ ಅರ್ಧ ಇಂಚು ಇರುವಾಗ ನಿಲ್ಲಿಸಿ, ಗಂಟು ಹಾಕಿ ದಾರ ಕತ್ತರಿಸಿ. ಪಟ್ಟಿಯನ್ನು ನಿಮ್ಮಿಂದ ಆಚೆಗೆ, ಮೇಲಕ್ಕೆ ಮಡಚಿ. ಮೂಲೆಯಲ್ಲಿ ಒಂದು ಓರೆ ಮಡಿಕೆ ಬೀಳುತ್ತದೆ, ಪಟ್ಟಿ ಮುಂದಿನ ಬದಿಯ ನೇರಕ್ಕೆ ನಿಲ್ಲುತ್ತದೆ. ಆ ಓರೆ ಮಡಿಕೆಯನ್ನು ಬೆರಳಲ್ಲಿ ಒತ್ತಿಹಿಡಿದು ಪಟ್ಟಿಯನ್ನು ಮತ್ತೆ ಕೆಳಕ್ಕೆ, ಮುಂದಿನ ಬದಿಯ ಮೇಲೆ ಮಡಚಿ. ಎರಡನೇ ಮಡಿಕೆ ಮೇಲಿನ ಅಂಚಿಗೆ ಸರಿಯಾಗಿ ಸಮ ಬರಬೇಕು. ಅಲ್ಲಿಂದ ಹೊಸ ಹೊಲಿಗೆ ಶುರು. ಪಟ್ಟಿಯನ್ನು ಹಿಂಬದಿಗೆ ತಿರುಗಿಸಿದಾಗ ಮೂಲೆ ತಾನಾಗಿಯೇ ಓರೆ ಗೆರೆಯಾಗಿ ಕೂರುತ್ತದೆ. ಎರಡು ಮಡಿಕೆಯಲ್ಲಿ ಯಾವುದಾದರೂ ಒಂದು ಜಾರಿದರೆ ಮೂಲೆ ಮೊಂಡಾಗುತ್ತದೆ, ಅಷ್ಟೇ. ಬಿಚ್ಚಿ ಮತ್ತೆ ಮಡಚಿ. ಒಂದು ಹಳೆ ಟವೆಲಿನ ಮೂಲೆಯಲ್ಲಿ ಮೊದಲು ಮಾಡಿ ನೋಡಿದರೆ ಕೈ ಕೂರುತ್ತದೆ.

ಹಿಂಬದಿಯಲ್ಲಿ ಮಡಿಕೆಯ ತುದಿ ಮೊದಲ ಹೊಲಿಗೆಯನ್ನು ಮುಚ್ಚುವ ಹಾಗೆ ಇಟ್ಟು ಹೆಮ್ಮಿಂಗ್ ಮಾಡಿ. ಸೂಜಿ ಹಿಂಬದಿಯ ಪದರವನ್ನಷ್ಟೇ ಹಿಡಿಯಲಿ, ಮುಂದಕ್ಕೆ ದಾಟುವುದು ಬೇಡ. ನಾಳೆ ಬಿಚ್ಚುವವರಿಗೆ ಇದರಿಂದ ತುಂಬಾ ಅನುಕೂಲ.

ಇನ್ನು ಪುಸ್ತಕ.

ಬದಿ ಹೊಲಿಗೆ ಬೇಡ ಎಂದು ಹೇಳಿದೆ. ಯಾಕೆಂದರೆ ಅದು ಹಾಳೆಯ ಬರೆಯುವ ಜಾಗವನ್ನು ತಿನ್ನುತ್ತದೆ. ಬೆನ್ನಿನಿಂದ ಅರ್ಧ ಇಂಚು ಒಳಗೆ ದಬ್ಬಣದಲ್ಲಿ ಚುಚ್ಚಿ ದಾರ ಎಳೆದರೆ ಪುಸ್ತಕ ಪೂರ್ತಿ ತೆರೆಯುವುದಿಲ್ಲ. ಬಲವಂತಕ್ಕೆ ತೆರೆದರೆ ಹಳೆ ಹಾಳೆ ಹೊಲಿಗೆಯ ಸಾಲಿನಲ್ಲೇ ಮುರಿಯುತ್ತದೆ. ಕಟಿಂಗ್ ಅಂತೂ ಬೇಡವೇ ಬೇಡ. ಅಜ್ಜಿಯಂದಿರು ಹಾಳೆಯ ತುದಿಯವರೆಗೂ ಬರೆದಿರುತ್ತಾರೆ, 'ಉಪ್ಪು ರುಚಿಗೆ' ಅಂತ ಮೂಲೆಯಲ್ಲಿ ಸೇರಿಸಿರುತ್ತಾರೆ. ಆ ಎರಡು ಮಿಲಿಮೀಟರಿನಲ್ಲಿ ಎಷ್ಟು ಹೋಗುತ್ತದೆ ಗೊತ್ತಾ ಮಾರಾಯ್ರೆ?

ನನ್ನ ಸಲಹೆ: ನಾಲ್ಕನ್ನೂ ಸೇರಿಸಬೇಡಿ. ನೋಟ್ ಪುಸ್ತಕ ಎಂದರೆ ನಡುವೆ ಮಡಚಿ ಪಿನ್ ಹೊಡೆದ ಒಂದು ಕಂತೆ. ಪಿನ್ ಜಾಗಕ್ಕೆ ದಾರ ಬಂದರೆ ಸಾಕು. ಸಮುದ್ರದ ಗಾಳಿ ಇರುವ ಊರಲ್ಲಿ ಕಬ್ಬಿಣದ ಪಿನ್ ಇಡುವುದೇ ತಪ್ಪು. ಅದು ತುಕ್ಕು ಹಿಡಿಯುವುದಷ್ಟೇ ಅಲ್ಲ, ಸುತ್ತಲಿನ ಕಾಗದವನ್ನೂ ಕಂದು ಮಾಡಿ ಪುಡಿ ಮಾಡುತ್ತದೆ.

ಮೊದಲು ಎಲ್ಲ ಪುಟದ ಫೋಟೋ ತೆಗೆಯಿರಿ. ಹಾಳೆಗಳಿಗೆ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಅಂಕಿ ಹಾಕಿ. ಪಿನ್‌ನ ಕಾಲುಗಳನ್ನು ನಡು ಪುಟದಿಂದ ಮೊಂಡು ಚಾಕುವಲ್ಲಿ ಎಬ್ಬಿಸಿ, ನೆಟ್ಟಗೆ ಮಾಡಿ, ಆಮೇಲೆ ಹಿಂದಿನಿಂದ ಎಳೆಯಿರಿ. ತುಕ್ಕಿನ ಪುಡಿಯನ್ನು ಮೆತ್ತನೆ ಬ್ರಷ್‌ನಲ್ಲಿ ಕೊಡವಿ. ಮಡಿಕೆಯಲ್ಲಿ ಹರಿದ ಹಾಳೆ ಇದ್ದರೆ ಜಪಾನಿ ಟಿಶ್ಯೂ ಎಂಬ ತೆಳು ಕಾಗದದ ಬೆರಳಗಲದ ಪಟ್ಟಿಯನ್ನು ಹೊರಬದಿಯಲ್ಲಿ ಅಂಟಿಸಿ. ಯಾವ ಅಂಟು ಎಂದು ಮುಂದೆ ಹೇಳುತ್ತೇನೆ. ಸೆಲ್ಲೋಟೇಪ್ ಬೇಡ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಟೇಪ್ ಉದುರಿದ ಮೇಲೂ ಕಲೆ ಹೋಗುವುದಿಲ್ಲ.

ಹೊಲಿಗೆಗೆ ಮಡಿಕೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ಪುಸ್ತಕ 20 ಸೆಂಟಿಮೀಟರಿಗಿಂತ ಉದ್ದ ಇದ್ದರೆ ಐದು ತೂತು ಮಾಡಿ. ದಾರಕ್ಕೆ ಜೇನುಮೇಣ ಉಜ್ಜಿಕೊಳ್ಳಿ. ಪುತ್ತೂರು, ಸುಳ್ಯ ಕಡೆ ಜೇನು ಸಾಕುವವರ ಬಳಿ ಸಿಗುತ್ತದೆ. ಮೂರು ತೂತಿನದ್ದು ಹೀಗೆ: ಒಳಗಿನಿಂದ ನಡು ತೂತಿನಲ್ಲಿ ಹೊರಗೆ ಬನ್ನಿ, ಬಾಲ ಒಂದು ಗೇಣು ಒಳಗೇ ಬಿಡಿ. ಹೊರಗಿನಿಂದ ಮೇಲಿನ ತೂತಿಗೆ ಹೋಗಿ ಒಳಗೆ ಬನ್ನಿ. ಒಳಗೆ ನಡು ತೂತನ್ನು ದಾಟಿಕೊಂಡು ಕೆಳಗಿನ ತೂತಿನಲ್ಲಿ ಹೊರಗೆ. ಹೊರಗಿನಿಂದ ಮತ್ತೆ ನಡು ತೂತಿನಲ್ಲಿ ಒಳಗೆ. ಈಗ ಒಳಗಿನ ಉದ್ದ ದಾರದ ಆಚೆ ಒಂದು ಬಾಲ, ಈಚೆ ಒಂದು ಬಾಲ ಇರಬೇಕು. ಆ ದಾರವನ್ನು ನಡುವೆ ಹಿಡಿದು ಎರಡನ್ನೂ ಗಂಟು ಹಾಕಿ. ದಾರ ಎಳೆಯುವಾಗ ಮಡಿಕೆಯ ಉದ್ದಕ್ಕೆ ಎಳೆಯಿರಿ. ಅಡ್ಡ ಎಳೆದರೆ ಕಾಗದ ಸೀಳುತ್ತದೆ. ಹಳೆಯ ಹೊದಿಕೆಯನ್ನು ಬಿಸಾಡಬೇಡಿ. ಅದರ ಮೇಲೊಂದು ದಪ್ಪ ಕಾಗದದ ಹೊಸ ಹೊದಿಕೆ ಸೇರಿಸಿಯೇ ಹೊಲಿಯಿರಿ. ನಾಲ್ಕೂ ಪುಸ್ತಕಕ್ಕೆ ಒಂದು ರಟ್ಟಿನ ಪೆಟ್ಟಿಗೆ ಮಾಡಿ ಇಡಿ.

ಅಡುಗೆಮನೆಗೆ ಬೇರೆ ಪುಸ್ತಕ ಬೇಕಲ್ವಾ? ಅದನ್ನು ಹೊಸದಾಗಿ ಕಟ್ಟಿ, ಅಜ್ಜಿಯ ಅಡುಗೆಗಳನ್ನು ಅದಕ್ಕೆ ಇಳಿಸಿಕೊಳ್ಳಿ. ಕಟ್ಟುವ ಖುಷಿ ಸಿಗುವುದು ಅಲ್ಲೇ. ಎ4 ಹಾಳೆ ನಾಲ್ಕನ್ನು ಒಟ್ಟಿಗೆ ಮಡಚಿದರೆ 16 ಪುಟದ ಒಂದು ಫಾರ್ಮ್. ಇಂಥ ಎಂಟೋ ಹತ್ತೋ ಫಾರ್ಮನ್ನು ಲಂಗಕ್ಕೆ ಹಾಕುವ ಹತ್ತಿ ಲಾಡಿಯ ಮೇಲೆ ಹೊಲಿಯಬೇಕು. ಬೆನ್ನಿಗೆ ಅಡ್ಡವಾಗಿ ಎರಡು ಲಾಡಿ. ಒಂದೊಂದು ಲಾಡಿಯ ಎರಡೂ ಬದಿಗೆ ತೂತು, ತಲೆ-ಬುಡದ ಹತ್ತಿರ ಒಂದೊಂದು. ದಾರ ಒಳಗಿನಿಂದ ಹೊರಗೆ ಬಂದು, ಲಾಡಿಯನ್ನು ಬಳಸಿ, ಮತ್ತೆ ಒಳಗೆ ಹೋಗುತ್ತದೆ. ತುದಿಗೆ ಬಂದಾಗ ಕೆಳಗಿನ ಫಾರ್ಮಿನ ಹೊಲಿಗೆಗೆ ಒಂದು ಕುಣಿಕೆ ಹಾಕಿ ಮುಂದಿನದಕ್ಕೆ ಹತ್ತುತ್ತದೆ. ಪುಸ್ತಕವನ್ನು ಹಿಡಿಯುವುದು ಈ ದಾರ. ಅಂಟು ಬರೀ ಜೊತೆಗಿರುತ್ತದೆ, ಹಾಗಾಗಿ ಪುಸ್ತಕ ಮೇಜಿನ ಮೇಲೆ ಚಪ್ಪಟೆ ತೆರೆದುಕೊಳ್ಳುತ್ತದೆ. ಒಗ್ಗರಣೆ ಹಾಕುತ್ತಾ ಓದಬೇಕಾದ ಪುಸ್ತಕಕ್ಕೆ ಅದೇ ಮುಖ್ಯ. ಮಂಗಳೂರಿನಲ್ಲಿ ಈ ಕೆಲಸಕ್ಕೆ ಹಳೆಯ ಬೇರಿದೆ. 1841ರಲ್ಲಿ ಕಲ್ಲಚ್ಚಿನಿಂದ ಶುರುವಾದ ಬಾಸೆಲ್ ಮಿಷನ್ ಮುದ್ರಣಾಲಯ 1894ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತಂದಿತು. 1,700ಕ್ಕೂ ಜಾಸ್ತಿ ಪುಟ. ಬೆನ್ನಿಗೆ ಬರೀ ಅಂಟು ಬಳಿದು ಅಷ್ಟು ದಪ್ಪದ, ದಿನಾ ತೆರೆದು ನೋಡುವ ಪುಸ್ತಕವನ್ನು ಹಿಡಿದಿಡಲು ಆಗುವುದಿಲ್ಲ.

ಕಾಗದಕ್ಕೂ ಎಳೆ ಇದೆ. ಬಟ್ಟೆಗೆ ಓರೆ ಬೇಕು ಎಂದೆ, ಕಾಗದಕ್ಕೆ ನೇರ ಬೇಕು. ಮೆಷಿನ್ನಲ್ಲಿ ಮಾಡಿದ ಕಾಗದದಲ್ಲಿ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಆ ದಿಕ್ಕು ಬೆನ್ನಿಗೆ ಸಮಾನಾಂತರವಾಗಿ, ಮೇಲಿಂದ ಕೆಳಕ್ಕೆ ಇರಬೇಕು. ಹಾಳೆಯನ್ನು ಮಡಚದೆ ಬರೀ ಬಾಗಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಎದುರು ಒತ್ತುತ್ತದೆ. ಸಲೀಸಾಗಿ ಬಾಗಿದಾಗ ಬೀಳುವ ಮಡಿಕೆಯ ಗೆರೆಯೇ ನಾರಿನ ದಿಕ್ಕು. ರಟ್ಟಿಗೂ ಇದೇ ಪರೀಕ್ಷೆ. ಅಂಟು ತಾಗಿದಾಗ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ. ದಿಕ್ಕು ತಪ್ಪಿದರೆ ಬೆನ್ನು ಸುಕ್ಕುಗಟ್ಟುತ್ತದೆ, ರಟ್ಟು ಡೊಂಕಾಗುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವ ನಮ್ಮ ಕರಾವಳಿಯಲ್ಲಿ ಈ ತಪ್ಪು ಅಡಗುವುದಿಲ್ಲ. ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ, ನಡುವೆ ಮಡಚಿದರೆ ಅಡ್ಡವಾಗುತ್ತದೆ. ಹಾಗಾಗಿ ದೊಡ್ಡ ಹಾಳೆ ತಂದು, ದಿಕ್ಕು ನೋಡಿ ಕತ್ತರಿಸಿಕೊಂಡರೆ ಒಳ್ಳೆಯದು.

ರಟ್ಟು ಕಟ್ಟುವ ಕೆಲಸ ಅಷ್ಟೇನೂ ಇಲ್ಲ. ಪುಟಕ್ಕಿಂತ ಮೂರು ಬದಿಗೆ 3 ಮಿಲಿಮೀಟರ್ ದೊಡ್ಡ ರಟ್ಟು, ಮೇಲೆ ಹತ್ತಿ ಬಟ್ಟೆ ಅಥವಾ ಕ್ಯಾಲಿಕೋ ಎಂಬ ಬೈಂಡಿಂಗ್ ಬಟ್ಟೆ, ಬೆನ್ನಿಗೆ ಜಾಳು ಬಟ್ಟೆ. ಹೊರಗೆ ಬಟ್ಟೆ ಅಂಟಿಸಿದ ರಟ್ಟಿಗೆ ಒಳಬದಿಯಲ್ಲೂ ಕಾಗದ ಅಂಟಿಸಲೇಬೇಕು. ಇಲ್ಲದಿದ್ದರೆ ಒಣಗುವಾಗ ಹೊರಗಿನ ಎಳೆತಕ್ಕೆ ರಟ್ಟು ಬಾಗುತ್ತದೆ.

ಅಂಟಿನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಅಂಗಡಿಯ ಬಿಳಿ ಗೋಂದು ಒಮ್ಮೆ ಒಣಗಿದರೆ ನೀರಿಗೆ ಸರಿಯಾಗಿ ಬಿಡುವುದಿಲ್ಲ. ಹೊಸ ಪುಸ್ತಕದ ರಟ್ಟಿಗೆ ಬಳಸಿದರೆ ತೊಂದರೆ ಇಲ್ಲ, ಅಜ್ಜಿಯ ಹಾಳೆಗೆ ತಾಗಿಸಬೇಡಿ. ಅದಕ್ಕೆ ಗೋಧಿ ಪಿಷ್ಟದ ಅಂಟು ಬೇಕು. ಹಲ್ವಾ ಮಾಡಲು ಗೋಧಿ ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆಯುತ್ತೀರಲ್ಲ, ಅದೇ. ಹಾಲನ್ನು ಕೆಲವು ಗಂಟೆ ಇಟ್ಟರೆ ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಮತ್ತೆ ನೀರು ಹಾಕಿ ಕೂರಿಸಿ. ಎರಡು ಮೂರು ಸಲ ಹೀಗೆ ತೊಳೆದು ಗಷ್ಟನ್ನು ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಬಹುದು. ಒಂದು ಚಮಚ ಪುಡಿಗೆ ಐದು ಚಮಚ ನೀರು. ಸಣ್ಣ ಉರಿಯಲ್ಲಿ ಕೈ ಬಿಡದೆ ಸುಮಾರು 20 ನಿಮಿಷ ತಿರುಗಿಸಿ. ಹಾಲು ಬಿಳಿ ಹೋಗಿ ಮಸುಕು ಗಾಜಿನ ಬಣ್ಣ ಬಂದಾಗ ಇಳಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ. ಬೇಕಾದಷ್ಟು ನೀರು ಸೇರಿಸಿ ತೆಳುವಾಗಿ ಬಳಿಯಿರಿ. ಇದು ಮುಂದೆ ಯಾವತ್ತು ಬೇಕಾದರೂ ಒದ್ದೆ ಹತ್ತಿಗೆ ಬಿಡುತ್ತದೆ. ಶಾಯಿ ಪೆನ್ನಿನ ಬರಹದ ಹತ್ತಿರ ಮಾತ್ರ ಹುಷಾರು, ಒದ್ದೆ ತಾಗಿದರೆ ಹರಡುತ್ತದೆ. ಯಾವುದಾದರೂ ಒಂದು ಚುಕ್ಕೆಗೆ ಒದ್ದೆ ಹತ್ತಿ ತಾಗಿಸಿ ಮೊದಲೇ ಪರೀಕ್ಷೆ ಮಾಡಿ.

ಹುಳ ಬರಬಾರದೆಂದು ಬೈಂಡರ್‌ಗಳು ಮೈದಾ ಅಂಟಿಗೆ ಮೈಲುತುತ್ತು ಹಾಕುವುದುಂಟು. ಅಡಿಕೆಗೆ ಬೋರ್ಡೋ ಮದ್ದು ಬಿಡುವವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಬೇಡ. ಅದರ ತಾಮ್ರ ಕಾಗದವನ್ನು ಬೇಗ ಮುದಿ ಮಾಡುತ್ತದೆ, ಮೇಲಾಗಿ ಅದು ವಿಷ. ಅಡುಗೆಮನೆ ಪಾತ್ರೆಯಲ್ಲಿ ಕಾಯಿಸುವ ಅಂಟಿಗೆ ಅದನ್ನು ಸೇರಿಸುವುದು ಸರಿಯಲ್ಲ. ಹುಳಕ್ಕೆ ಬೇಕಾದದ್ದು ದಪ್ಪ ಅಂಟು ಮತ್ತು ತೇವ. ಅಂಟು ತೆಳುವಾಗಿದ್ದು ಪುಸ್ತಕ ಒಣಗಿದ್ದರೆ ಕಾಟ ಕಡಿಮೆ. ಕೌದಿಗೂ ಇದೇ ಮಾತು. ಸೀರೆಗೆ ಹಾಕುವ ಹಾಗೆ ಕೌದಿಗೆ ಗಂಜಿ ಹಾಕಿ ಒಳಗಿಟ್ಟರೆ ಜಿರಲೆಗೂ ಬೆಳ್ಳಿ ಬಣ್ಣದ ಆ ಪುಸ್ತಕದ ಹುಳಕ್ಕೂ ಊಟ ಬಡಿಸಿದಂತೆ.

ಕೆಲಸ ಯಾವಾಗ ಮಾಡಬೇಕು? ಹೊಲಿಗೆ ಯಾವಾಗಲಾದರೂ ಸರಿ. ಅಂಟಿನ ಕೆಲಸ ಮಾತ್ರ ಆಟಿ ತಿಂಗಳ ಮಳೆಯಲ್ಲಿ ಬೇಡ. ಗಾಳಿಯ ತೇವ 70 ಶೇಕಡ ದಾಟಿದರೆ ಬೂಷ್ಟಿಗೆ ಹಬ್ಬ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಿಂದ ಕೆಳಗಿಳಿಯುವುದೇ ಅಪರೂಪ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಲೂ ಅಂಟಿಸಿದ ಪುಸ್ತಕವನ್ನು ಭಾರದ ಕೆಳಗಿಟ್ಟು, ನಡುವಿನ ಒಣ ಕಾಗದವನ್ನು ದಿನಕ್ಕೆರಡು ಸಲ ಬದಲಿಸಿ. ಅಚ್ಚಾದ ಪೇಪರ್ ಬೇಡ, ಮಸಿ ತಾಗುತ್ತದೆ.

ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಹಳೆ ಪಂಚೆಯಲ್ಲಿ ಸುತ್ತಿಡಿ, ಆಗಾಗ ತೆಗೆದು ಮಡಿಕೆಯ ಜಾಗ ಬದಲಿಸಿ. ಪುಸ್ತಕದ ಪೆಟ್ಟಿಗೆ ಹೊರಗೋಡೆಗೆ ತಾಗಿಕೊಂಡಿರಬಾರದು.

ಕಡೆಗೆ ಎರಡು ಕೆಲಸ ಬಾಕಿ. ಬಟ್ಟೆ ತರುವಾಗ ಒಂದು ಮೀಟರ್ ಬದಲು ಒಂದೂವರೆ ತನ್ನಿ. ಉಳಿದದ್ದನ್ನು ಒಗೆದು ಕೌದಿಯ ಜೊತೆಗೇ ಮಡಚಿಡಿ, ಮುಂದಿನ ಸಲ ಒಂದು ಬದಿ ಮಾತ್ರ ಬದಲಿಸಬೇಕಾದರೆ ಅದೇ ಬಟ್ಟೆ ಇರುತ್ತದೆ. ನೋಟ್ ಪುಸ್ತಕಗಳ ಹೊಸ ಹೊದಿಕೆಯ ಒಳಗೆ ಪೆನ್ಸಿಲಿನಲ್ಲಿ ಬರೆಯಿರಿ: ಯಾವ ತಿಂಗಳು ಯಾವ ವರ್ಷ ಹೊಲಿದದ್ದು, ಹತ್ತಿ ದಾರ, ಗೋಧಿ ಅಂಟು, ನೀರಿಗೆ ಬಿಡುತ್ತದೆ.